ಕಲಬುರಗಿಯಾಗ ನಮ್ಮ ಮ್ಯೂಚುವಲ್ ಡೈವೋರ್ಸ್ ಹೆಂಗ ಮುಗೀತು, ಮಕ್ಕಳನ್ನ ಹೆಂಗ ಕಾಯ್ಕೊಂಡ್ವಿ

ಹೋದ ವಾರ ಡಿಕ್ರಿ ಕಾಪಿ, ಅಂದ್ರ ಡೈವೋರ್ಸ್ ಆತು ಅನ್ನೋ ಕೋರ್ಟಿನ ಆದೇಶದ ಕಾಪಿ, ಕೈಗಿ ಬಂತು. ನಾ ಕಲಬುರಗಿಯಾಗ ಒಂದು ದಾಲ್ ಮಿಲ್‌ನಾಗ ಅಕೌಂಟ್ಸ್ ನೋಡ್ತೀನಿ, ಅಂವಂದು ಹೈದರಾಬಾದ್‌ನಾಗ ಕಂಪನಿ ನೌಕ್ರಿ, ಎರಡು ಮಕ್ಕಳು, ಮಗಳು ದೊಡ್ಡಾಕಿ, ಮಗ ಸಣ್ಣಾಂವ. ನಮ್ದು ಶುರು ಆದಾಗ ಯಾರನ್ನ ಕೇಳಬೇಕು ಅನ್ನೋದ ಗೊತ್ತಿದ್ದಿಲ್ಲ. ವಕೀಲರು ಒಂದು ಹೇಳ್ತಾರ, ಮನಿ ಹಿರಿಯರು ಒಂದು ಹೇಳ್ತಾರ, ಯೂಟ್ಯೂಬ್ ತೆಗೆದ್ರ ದಿಲ್ಲಿ ಮುಂಬೈ ಮಂದಿ ಹಿಂದಿ ಒಳಗ ಮತ್ತೇನೋ ಹೇಳ್ತಾರ. ಅದಕ್ಕ ನೆನಪು ಹಸಿ ಇದ್ದಾಗನ ಬರದಿಡಬೇಕಂತ ಕುಂತೀನಿ. ಉದ್ದ ಆಗ್ತದ, ನಿಮಗ ಬೇಕಾದಷ್ಟ ಓದ್ಕೋರಿ.

ಮೊದಲಿಗ ಒಂದು ಮಾತು. ನಮ್ಮನ್ಯಾಗ ಹೊಡತ ಬಡತ ಇದ್ದಿಲ್ಲ, ಕುಡತ ಇದ್ದಿಲ್ಲ, ಮೂರನೇದವರ ಕತಿನೂ ಇದ್ದಿಲ್ಲ. ಒಬ್ಬರಿಗೊಬ್ಬರು ಸಾಕಾಗಿದ್ವಿ ಅಷ್ಟ, ಮಾತಿಗಿ ಮಾತು ಬೆಳೀತಿತ್ತು, ಆಮ್ಯಾಗ ಮಾತ ನಿಂತುಹೋತು. ನಿಮ್ಮನ್ಯಾಗ ಹೊಡೆಯೋದು ಅದ ಅಂದ್ರ ನಾ ಕೆಳಗ ಬರಿಯೋ ದಾರಿ ನಿಮಗಲ್ಲ, ಸಮಾಧಾನದಿಂದ ಮುಗಿಸೋಣ ಅಂತ ಕುಂತು ಜೀವಕ್ಕ ಕುತ್ತು ತಂದ್ಕೋಬ್ಯಾಡ್ರಿ. 112ಕ್ಕ ಹೊಡೀರಿ, ಇಲ್ಲಾ ಮಹಿಳಾ ಸಹಾಯವಾಣಿ 181ಕ್ಕ ಹೊಡೀರಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಅದ, ಅದರಾಗ ಮನ್ಯಾಗ ಇರೋ ಹಕ್ಕು, ರಕ್ಷಣಾ ಆದೇಶ ಎಲ್ಲಾ ಕೇಳಬಹುದು. ಅದು ಮೊದಲು, ಉಳದದ್ದು ಆಮ್ಯಾಗ.

ನಮ್ಮ ಮದವಿ ಆಗಿದ್ದು 2013ರಾಗ, ಹುಮನಾಬಾದ್‌ನಾಗ, ಅದ ನನ್ನ ತವರು. 2022ರ ಯುಗಾದಿ ಆದ್ಮ್ಯಾಗ ಅಂವ ಹೈದರಾಬಾದ್ ರೂಮಿನಾಗ ಇರಾಕತ್ತಿದ, ನಾ ಮಕ್ಕಳು ಸೇಡಂ ರೋಡಿನ ಕಡಿ ಬಾಡಗಿ ಮನ್ಯಾಗ. ಯಾರಿಗೂ ಏನೂ ಹೇಳಿದ್ದಿಲ್ಲ, ನೌಕ್ರಿ ಸಲುವಾಗಿ ಅಂತ ಮಂದಿ ತಾವ ತಿಳ್ಕೊಂಡಿದ್ರು.

ಮನ್ಯಾಗ ಹೇಳಿದ ಕೂಡ್ಲೆ ಪಂಚಾಯ್ತಿ ಆತು. ನಮ್ಮ ಕಡಿ ಇದು ತಪ್ಪೋದಿಲ್ಲ, ಎರಡೂ ಕಡಿ ಹಿರಿಯರು ಕೂಡಿ, ಚಾ ಕುಡುದು, ಗಂಡಸರೆಲ್ಲಾ ಮುಂದಿನ ಖೋಲ್ಯಾಗ, ಹೆಣ್ಮಕ್ಕಳು ಅಡಗಿ ಮನಿ ಬಾಗಲದಾಗ. ಅವರ ಬಗ್ಗೆ ಕೆಟ್ಟ ಅನ್ನೋದಿಲ್ಲ ನಾ, ಅವರಿಗಿ ಖರೇನ ಮನಿ ಉಳೀಲಿ ಅಂತ ಇತ್ತು. ಖರೆ ಅದರಾಗ ಒಬ್ಬ ಹಿರಿಯರು, ನ್ಯಾಯ ಅಂದ್ರ ಸಮಪಾಲು ಅಲ್ಲೇನು, ಗಂಡು ಕೂಸು ಅಪ್ಪಗ, ಹೆಣ್ಣು ಕೂಸು ಅವ್ವಗ ಅಂತ ಹೊಲ ಪಾಲು ಮಾಡಿದಂಗ ಹೇಳಿಬಿಟ್ರು. ನಾ ಅಡಗಿ ಮನಿಯಿಂದ ಹೊರಗ ಬಂದು ಏನರ ಅನ್ನೋದ್ರೊಳಗ ಅಂವನ ಎದ್ದು ನಿಂತು "ಅಕ್ಕ ತಮ್ಮನ್ನ ಅಗಲಸೋ ಮಾತು ಇನ್ನೊಮ್ಮೆ ಬರಬಾರ್ದು" ಅಂದ. ಆ ಒಂದು ಮಾತಿನ ಮ್ಯಾಲ ನನಗ ಇವನ ಜೋಡಿ ಕುಂತು ಕಾಗದ ಬರೀಬಹುದು ಅಂತ ಧೈರ್ಯ ಬಂತು. ಗಂಡ ಹೆಂಡ್ತಿ ಆಗಿ ಆಗಲಿಲ್ಲ, ಅಪ್ಪ ಅವ್ವ ಆಗಿ ಆಗಬಹುದೇನೋ ಅಂತ.

ಅದ ಪಂಚಾಯ್ತಿಯಾಗ ಇನ್ನೊಂದು ಮಾತು ಬಂತು, ಇದು ಭಾಳ ಮಂದಿ ಮಾಡ್ತಾರ ಅದಕ್ಕ ಬಿಡಿಸಿ ಹೇಳ್ತೀನಿ. ಕೋರ್ಟು ಯಾಕ ಬೇಕು, ಬಾಂಡ್ ಪೇಪರಿನ ಮ್ಯಾಲ ಸೋಡಚೀಟಿ, ಅಂದ್ರ ಗಂಡ ಹೆಂಡ್ತಿ ಬಿಟ್ವಿ ಅನ್ನೋ ಚೀಟಿ, ಬರದು ಎರಡು ಸಾಕ್ಷಿ ಸಹಿ ಹಾಕಸ್ರಿ, ನಮ್ಮ ಕಾಲದಾಗ ಹಿಂಗ ಆಗ್ತಿತ್ತು ಅಂದ್ರು. ನೋಟರಿ ಸಿಕ್ಕಾ ಬಿದ್ರೂ ಅದು ಡೈವೋರ್ಸ್ ಆಗೋದಿಲ್ರಿ. ಹಿಂದೂ ವಿವಾಹ ಕಾಯ್ದೆ 1955ರ ಕಲಂ 29ರಾಗ ಜಾತಿ ರೂಢಿಯಿಂದ ಬಂದ ಬಿಡುಗಡಿಗಿ ಒಂದು ಸಣ್ಣ ಜಾಗ ಇಟ್ಟಾರ ಖರೆ, ಆದ್ರ ಆ ರೂಢಿ ಹಿಂದಿನಿಂದ ನಡಕೊಂಡು ಬಂದದ ಅಂತ ಕೋರ್ಟಿನಾಗ ಸಾಬೀತು ಮಾಡೋ ಹೊಣಿ ನಿಮ್ಮ ಮ್ಯಾಲ ಬರ್ತದ, ಅದು ಹಗುರ ಕೆಲಸಲ್ಲ. ಸೋಡಚೀಟಿ ನಂಬಿ ಇನ್ನೊಂದು ಮದವಿ ಮಾಡ್ಕೊಂಡು, ಆಮ್ಯಾಗ ಪೆನ್ಶನ್ನು ಆಸ್ತಿ ಅಂತ ಬಂದಾಗ ಒದ್ದಾಡೋರನ್ನ ನಮ್ಮ ಬಳಗದಾಗನ ನೋಡೀನಿ.

ವಕೀಲರನ್ನ ಹುಡುಕಿದ್ದು ಇನ್ನೊಂದು ಕತಿ. ಮೊದಲಿಗ ಹ್ವಾದ ಕಡಿ ನಾ ಇನ್ನೂ ಪೂರ್ತಿ ಹೇಳಿ ಮುಗಿಸಿದ್ದಿಲ್ಲ, ವರದಕ್ಷಿಣಿ ಕೇಸು ಹಾಕೋಣ, ಮ್ಯಾಲ ಮೇಂಟೆನನ್ಸ್ ಅಂದ್ರ ಜೀವನಾಂಶದ ಕೇಸು ಹಾಕೋಣ, ಪೊಲೀಸ್ ಠಾಣಾ ನೋಡಿದ್ರ ತಾನ ದಾರಿಗಿ ಬರ್ತಾನ ಅಂದ್ರು. ವರದಕ್ಷಿಣಿ ತ್ರಾಸ ಆದವರಿಗಿ ಆ ಕಾಯ್ದೆ ಬೇಕೇ ಬೇಕು. ನನಗ ಆಗಿದ್ದಿಲ್ಲ. ಆಗದ್ದನ್ನ ಆಗ್ಯಾದ ಅಂತ ಬರಕೊಟ್ರ ನನ್ನ ಮಕ್ಕಳ ಅಪ್ಪ, ಅವರ ಅಜ್ಜಿ, ಎಲ್ಲಾರೂ ಆರೋಪಿಗಳು, ಆಮ್ಯಾಗ ಯಾವ ಮಾತುಕತಿ ಉಳೀತದ? ಅಂವಗೂ ಅವನ ಕಡಿಯಿಂದ ಯಾರೋ, ಮಕ್ಕಳ ಕಸ್ಟಡಿ ಕೇಸ್ ಮೊದಲ ನೀನ ಹಾಕು, ಆಕಿ ಹೆದರ್ತಾಳ ಅಂತ ಹೇಳಿದ್ರಂತ, ಅದನ್ನ ಅಂವ ನನಗ ಆಮ್ಯಾಗ ಹೇಳ್ದ. ಕಡೀಕ ನನ್ನ ಗೆಳತಿ ಒಬ್ಬಾಕಿ ಹೇಳಿದ ಲೇಡಿ ವಕೀಲರ ಕಡಿ ಹೋದ್ವಿ. ಅವರು ಕೇಳಿದ ಮೊದಲನೇ ಪ್ರಶ್ನಿ, ಇಬ್ಬರೂ ಒಂದ ಟೇಬಲ್ಲಿಗಿ ಕುಂದ್ರತೀರೇನು? ಕುಂದ್ರತೀವಿ ಅಂದ್ರ ನನ್ನ ಕೆಲಸ ಕಡಿಮಿ, ನಿಮ್ಮ ಕೆಲಸ ಜಾಸ್ತಿ ಅಂದ್ರು, ಹಂಗ ಆತು.

ಇಬ್ಬರಿಗೂ ಕೂಡಿ ಒಬ್ಬರ ವಕೀಲರು ಅರ್ಜಿ ಹಾಕೋದು ನಡೀತದ. ಆದ್ರ ಮಕ್ಕಳು, ರೊಕ್ಕ, ಬಂಗಾರ ಹೆಂಗ ಅಂತ ಇಬ್ಬರೂ ಒಪ್ಪಿ ಬರಿಯೋ ಕರಾರಿನ ಡ್ರಾಫ್ಟ್ ಆದ್ಮ್ಯಾಗ ಸಹಿ ಮಾಡೋಕಿಂತ ಮೊದಲ ಇನ್ನೊಬ್ಬ ವಕೀಲರಿಗಿ ತೋರಸ್ರಿ. ಹೆಣ್ಮಕ್ಕಳಿಗಿ ಇದಕ್ಕ ರೊಕ್ಕ ಕೊಡೋ ಜರೂರತ್ತೂ ಇಲ್ಲ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಪುಕ್ಕಟ ಸಲಹಾ ಸಿಗ್ತದ, 1987ರ ಕಾಯ್ದೆ ಪ್ರಕಾರ ಹೆಣ್ಮಕ್ಕಳಿಗಿ ಆದಾಯದ ಮಿತಿನೂ ಇಲ್ಲ, ಪಗಾರ ಎಷ್ಟ ಇದ್ರೂ ಕೇಳಬಹುದು. ಫೋನ್ ನಂಬರ್ 15100. ನಾ ಹೋಗಿ ತೋರಿಸಿದಾಗ ಅಲ್ಲಿದ್ದ ವಕೀಲರು ಒಂದು ಸಾಲು ತೆಗಿಸಿದ್ರು, ಆ ಸಾಲು ಏನಂತ ಕೆಳಗ ಹೇಳ್ತೀನಿ.

ಕಾಯ್ದೆ ಏನು ಹೇಳ್ತದ ಅಂದ್ರ, ಪರಸ್ಪರ ಒಪ್ಪಿಗಿ ಡೈವೋರ್ಸ್ ಅದ ಹಿಂದೂ ವಿವಾಹ ಕಾಯ್ದೆಯ ಕಲಂ 13ಬಿ, ಇದನ್ನ 1976ರಾಗ ಸೇರ್ಸಿದ್ರು. ಅರ್ಜಿ ಹಾಕೋಕಿಂತ ಮೊದಲ ಒಂದು ವರ್ಷ ಆದ್ರೂ ಗಂಡ ಹೆಂಡ್ತಿ ಬ್ಯಾರೆ ಬ್ಯಾರೆ ಇದ್ದಿರಬೇಕು. ಬ್ಯಾರೆ ಅಂದ್ರ ಬ್ಯಾರೆ ಮನಿ ಅಂತ ಅಲ್ಲ, ಒಂದ ಸೂರಿನ ಕೆಳಗಿದ್ರೂ ಗಂಡ ಹೆಂಡ್ತಿ ಆಗಿ ಬಾಳೇವು ಮಾಡ್ತಿಲ್ಲ ಅಂದ್ರ ಅದೂ ಲೆಕ್ಕಕ್ಕ ಬರ್ತದ ಅಂತ ಸುಪ್ರೀಂ ಕೋರ್ಟ್ 1991ರಾಗ ಹೇಳ್ಯಾದ. ಅರ್ಜಿ ಹಾಕಿದ್ಮ್ಯಾಗ ಆರು ತಿಂಗಳು ಬಿಟ್ಟು ಮತ್ತ ಇಬ್ಬರೂ ಬಂದು ಹೌದು ನಮಗ ಬೇಕು ಅನ್ನಬೇಕು, ಹದಿನೆಂಟು ತಿಂಗಳು ದಾಟೋಕಿಂತ ಮೊದಲ. ಆ ನಡುವ ಇಬ್ಬರಾಗ ಒಬ್ಬರು ಮನಸ ಬದಲಿ ಮಾಡಿದ್ರ ಅಲ್ಲಿಗಿ ಖಲಾಸ್, ಡಿಕ್ರಿ ಸಿಗೋದಿಲ್ಲ. ಮದವಿ ಹುಮನಾಬಾದ್‌ನಾಗ ಆಗ್ಯಾದ, ಅಲ್ಲೇ ಹಾಕಬೇಕು ಅಂತ ನಮ್ಮ ಕಾಕಾ ಒಬ್ಬರು ಭಾಳ ಹಟ ಮಾಡಿದ್ರು, ಹಂಗೇನಿಲ್ಲ, ಕಡೀಕ ಇಬ್ಬರೂ ಕೂಡಿ ಇದ್ದ ಊರಿನಾಗೂ ಹಾಕಬಹುದು, ಹೆಂಡ್ತಿ ಈಗ ಇರೋ ಊರಿನಾಗೂ ಹಾಕಬಹುದು, ಹಂಗಾಗಿ ನಾವು ಕಲಬುರಗಿ ಫ್ಯಾಮಿಲಿ ಕೋರ್ಟಿಗಿ ಹಾಕಿದ್ವಿ. ಇದೆಲ್ಲಾ ಹಿಂದೂ ಕಾಯ್ದೆ ಮಾತು, ಲಿಂಗಾಯತರು, ಬೌದ್ಧರು, ಜೈನರು, ಸಿಖ್ಖರು ಇದರಾಗ ಬರ್ತಾರ. ಮುಸ್ಲಿಂ, ಕ್ರಿಶ್ಚಿಯನ್ ಮಂದಿಗಿ, ರಿಜಿಸ್ಟರ್ ಮದವಿ ಅಂತ 1954ರ ವಿಶೇಷ ವಿವಾಹ ಕಾಯ್ದೆಯಾಗ ಮಾಡ್ಕೊಂಡವರಿಗಿ ಕಾನೂನು ಬ್ಯಾರೆ, ಆದ್ರ ಮಕ್ಕಳ ಹಿತ ಮೊದಲು ಅನ್ನೋದು ಎಲ್ಲಾರಿಗೂ ಒಂದ.

ಈಗ ಕರಾರಿನ ಮಾತು, ನನ್ನ ಲೆಕ್ಕದಾಗ ಡೈವೋರ್ಸ್ ಅಂದ್ರ ಇದ. ಕೋರ್ಟಿನಾಗ ನಿಂತಿದ್ದು ಸ್ವಲ್ಪ ಹೊತ್ತು, ಕರಾರು ಬರಿಯೋದಕ್ಕ ತಿಂಗಳುಗಟ್ಟಲೆ ಹೋತು. ನಮ್ಮ ಜಗಳಾ ಎಲ್ಲಾ ಇಲ್ಲೇ ಆದವು, ಮಕ್ಕಳು ಸಾಲಿಗಿ ಹೋದಾಗ, ವಕೀಲರ ಆಫೀಸಿನ ಫ್ಯಾನಿನ ಕೆಳಗ. ಒಂದೊಂದ ಸಾಲಿಗಿ ಎದ್ದು ಹೋಗಿದ್ದೂ ಅದ, ಬಾಗಲ ಬಡದದ್ದೂ ಅದ.

ಮಕ್ಕಳು ನನ್ನ ಕಡಿ. ಐದು ವರ್ಷದ ಒಳಗಿನ ಕೂಸು ಸಾಮಾನ್ಯಕ್ಕ ತಾಯಿ ಹತ್ರ ಅಂತ 1956ರ ಹಿಂದೂ ಅಪ್ರಾಪ್ತರ ಮತ್ತು ಪಾಲಕತ್ವ ಕಾಯ್ದೆಯಾಗನ ಅದ, ಮಗ ಆಗ ಇನ್ನೂ ನಾಲ್ಕರಾಗ ಇದ್ದ. ಆದ್ರ ಅಪ್ಪ ನೋಡೋದು ಹೆಂಗ ಅನ್ನೋದ ಕಷ್ಟದ್ದು. ವಕೀಲರ ಮೊದಲನೇ ಡ್ರಾಫ್ಟಿನಾಗ "ತಂದೆಯು ಮಕ್ಕಳನ್ನು ಸಮಂಜಸವಾದ ಸಮಯದಲ್ಲಿ ಭೇಟಿ ಮಾಡಬಹುದು" ಅಂತ ಇತ್ತು. ಇಂಥಾ ಸಾಲು ಬಿಡಬ್ಯಾಡ್ರಿ. ನಿಮಗ ಸಮಂಜಸ ಅನ್ಸಿದ್ದು ಅವರಿಗಿ ಅನ್ನಿಸೋದಿಲ್ಲ. ಯಾವ ದಿನ, ಎಷ್ಟ ಗಂಟಿಗಿ, ಎಲ್ಲಿಂದ ಕರ್ಕೊಂಡು ಹೋಗೋದು, ಯಾರು ತಂದು ಬಿಡೋದು, ದಸರಾ ರಜಾದಾಗ ಯಾರ ಕಡಿ, ದೀಪಾವಳಿ ಯಾರ ಕಡಿ, ಬ್ಯಾಸಗಿ ರಜಾ ಹೆಂಗ ಹಂಚೋದು, ಹುಟ್ಟಿದ ಹಬ್ಬಕ್ಕ ವಿಡಿಯೋ ಕಾಲ್ ಯಾವಾಗ, ಕೂಸಿಗಿ ಜ್ವರ ಬಂದ್ರ ಆ ವಾರದ ಭೇಟಿ ಏನಾಗ್ತದ, ಊರು ಬಿಟ್ಟು ಊರಿಗಿ ನಾ ನೌಕ್ರಿಗಿ ಹೋದ್ರ ಎಷ್ಟ ದಿನ ಮೊದಲ ಹೇಳಬೇಕು, ಎಲ್ಲಾ ಬರದ್ವಿ. ಶರಣಬಸವೇಶ್ವರ ಜಾತ್ರಿಗಿ ಮಕ್ಕಳನ್ನ ಯಾರು ಒಯ್ಯಬೇಕು ಅನ್ನೋದಕ್ಕ ಒಂದು ಇಡೀ ಮಧ್ಯಾಹ್ನ ಹೋತು, ಹೊರಗಿನವರಿಗಿ ನಗಿ ಬರ್ತದ, ಆದ್ರ ಅಂವ ಸಣ್ಣವ ಇದ್ದಾಗಿಂದ ತೇರು ತಪ್ಪಿಸಿದಾಂವಲ್ಲ. ಅಂವಗ ಬಿಟ್ಟುಕೊಟ್ಟೆ, ಬದಲಿಗಿ ನಾಗರ ಪಂಚಮಿ ನನ್ನ ತವರಿಗಿ ಅಂತ ತೊಗೊಂಡೆ. ಅಜ್ಜಿ ಅಂದ್ರ ಅಂವನ ಅವ್ವ ಮಕ್ಕಳಿಗಿ ವಾರಕ್ಕೊಮ್ಮೆ ಫೋನ್ ಮಾಡಬಹುದು ಅಂತಾನೂ ಹಾಕ್ಸೀನಿ, ಅದನ್ನ ಅವರು ಕೇಳಿದ್ದಿಲ್ಲ, ನಾನ ಹಾಕ್ಸಿದ್ದು, ನನ್ನ ಮಗಳಿಗಿ ಆ ಅಜ್ಜಿ ಅಂದ್ರ ಜೀವ.

ರೊಕ್ಕದ ಮಾತು. ನನಗ ಒಂದ ಸಲಕ್ಕ ಆರು ಲಕ್ಷ, ಅರ್ಧ ಅರ್ಜಿ ಹಾಕೋ ದಿನ, ಅರ್ಧ ಎರಡನೇ ಸಲ ಕೋರ್ಟಿಗಿ ಬಂದ ದಿನ, ಎರಡೂ ಡಿಡಿ. ಅರ್ಧ ಅರ್ಧ ಯಾಕಂದ್ರ ಇಬ್ಬರಿಗೂ ಒಂದು ಹಿಡಿತ ಇರ್ತದ, ಪೂರ್ತಿ ಕೊಟ್ಟು ಆಕಿ ಬರಲಿಲ್ಲಂದ್ರ ಅಂತ ಅಂವಗ ಹೆದರಿಕಿ, ಏನೂ ಕೊಡದ ಸಹಿ ಹಾಕಿಸ್ಕೊಂಡ್ರ ಅಂತ ನನಗ. ಮಕ್ಕಳಿಗಿ ತಿಂಗಳಿಗಿ ಎಂಟು ಸಾವಿರ, ಎರಡು ವರ್ಷಕ್ಕೊಮ್ಮೆ ನೂರಕ್ಕ ಹತ್ತು ಏರಿಕಿ, ಸಾಲಿ ಫೀಸು ಅಂವ ನೇರ ಸಾಲಿಗೇ ಕಟ್ಟೋದು. ಏರಿಕಿ ಸಾಲು ಮರೀಬ್ಯಾಡ್ರಿ, ಈಗಿನ ಎಂಟು ಸಾವಿರ ಮಗ ಹತ್ತನೇತ್ತಾಕ ಬಂದಾಗ ಏನಕ್ಕೂ ಸಾಲೋದಿಲ್ಲ. ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತಾ ಅಂವನ ಕೈಯಾಗಿತ್ತು, ವರ್ಷಕ್ಕ 250 ರೂಪಾಯಿ ಆದ್ರೂ ಬೀಳಲಿಲ್ಲಂದ್ರ ಖಾತಾ ಡಿಫಾಲ್ಟ್ ಆಗ್ತದ, ಹಂಗಾಗಿ ಅಂವನ ತುಂಬಬೇಕು, ಪಾಸ್‌ಬುಕ್ ಝೆರಾಕ್ಸ್ ವರ್ಷಾ ನನಗ ಕೊಡಬೇಕು ಅಂತ ಬರದ್ವಿ.

ಇನ್ನ ಆ ತೆಗಿಸಿದ ಸಾಲು. ಡ್ರಾಫ್ಟಿನ ಕಡೀಕ "ಪತ್ನಿಯು ತನಗಾಗಲಿ ಮಕ್ಕಳಿಗಾಗಲಿ ಮುಂದೆ ಯಾವುದೇ ಜೀವನಾಂಶ ಕೇಳುವುದಿಲ್ಲ" ಅಂತ ಇತ್ತು. ಯಾರೂ ಕೆಟ್ಟ ಮನಸಿನಿಂದ ಹಾಕಿದ್ದಲ್ಲ, ಹಳೇ ಕರಾರಿನಿಂದ ಕಾಪಿ ಆಗಿ ಬಂದದ್ದು. ಕಾನೂನು ಸೇವಾದಾಗ ನೋಡಿದವರು, ನೀ ನಿನ್ನ ಹಕ್ಕು ಬಿಡಬಹುದವಾ, ಮಕ್ಕಳ ಹಕ್ಕು ನಿನ್ನದಲ್ಲ ಬಿಡಾಕ, ನೀ ಬರಕೊಟ್ರೂ ಅದು ನಿಲ್ಲೋದಿಲ್ಲ, ಮುಂದ ಸುಮ್ಮ ಜಗಳಕ್ಕ ದಾರಿ ಅಂದ್ರು. ಅಂವನೂ ಒಪ್ಪಿ ತೆಗಿಸಿದ.

ಬಂಗಾರ. ಮದವ್ಯಾಗ ನನಗ ಹಾಕಿದ್ದು ಸ್ತ್ರೀಧನ, ಅದು ಹೆಣ್ಣಿಂದ, ಅತ್ತಿ ಮನಿ ಲಾಕರಿನಾಗ ಇದ್ರೂ ಹೆಣ್ಣಿಂದ. ಸರಾಫನ ಚೀಟಿ, ಮದವಿ ಫೋಟೋ ಹಿಡ್ಕೊಂಡು ಒಂದು ಲಿಸ್ಟ್ ಮಾಡಿದ್ವಿ, ಏನೇನು, ಎಷ್ಟೆಷ್ಟು ತೊಲಾ, ಕೊಟ್ಟದ್ದು ತೊಗೊಂಡದ್ದು ಇಬ್ಬರ ಸಹಿ. ತಾಳಿ ಏನು ಮಾಡಬೇಕು ಅನ್ನೋದು ಲಿಸ್ಟಿನಾಗ ಬರಲಿಲ್ಲ, ನಮ್ಮವ್ವ ತೊಗೊಂಡು ಟ್ರಂಕಿನಾಗ ಇಟ್ಟಾಳ, ಮಗಳು ದೊಡ್ಡಾಕಿ ಆದ್ಮ್ಯಾಗ ಬಂಗಾರ ಆಕಿಗಿ.

ಕಾಗದಪತ್ರದಾಗ ತ್ರಾಸ ಕೊಟ್ಟದ್ದು ಹೆಸರು. ನಮ್ಮ ಕಡಿ ಮದವ್ಯಾಗ ಸೊಸಿ ಹೆಸರು ಬದಲಸ್ತಾರ, ಲಗ್ನ ಪತ್ರಿಕಿಯಾಗ ಒಂದು ಹೆಸರು, ಆಧಾರ್‌ನಾಗ ತವರಿಂದು, ಮಗಳ ಜನನ ಪತ್ರದಾಗ ಅತ್ತಿ ಮನಿ ಹೆಸರು, ಮಗಂದರಾಗ ಮತ್ತ ತವರಿಂದು. ಈ ಎಲ್ಲಾ ಹೆಸರಿನಾಕಿ ನಾನ ಅಂತ ಒಂದು ಅಫಿಡವಿಟ್ ಮಾಡ್ಸಿ ಹಚ್ಚಿದ್ವಿ. ಊರಿಂದೂ ಅದ ಕತಿ, 2014ಕ್ಕಿಂತ ಮೊದಲಿನ ಕಾಗದದಾಗ ಎಲ್ಲಾ ಗುಲಬರ್ಗಾ, ಆಮ್ಯಾಗಿಂದು ಕಲಬುರಗಿ, ಅದಕ್ಕ ವಕೀಲರು ಅರ್ಜಿಯಾಗನ ಒಂದು ಸಾಲು ಹಾಕಿದ್ರು. ಮದವಿ ನಾವು ರಿಜಿಸ್ಟರ್ ಮಾಡ್ಸಿದ್ದಿಲ್ಲ. ಅದಕ್ಕ ಡೈವೋರ್ಸ್ ಸಿಗೋದಿಲ್ಲ ಅಂತ ಯಾರೋ ಹೆದರಿಸಿದ್ರು, ರಿಜಿಸ್ಟರ್ ಆಗಿಲ್ಲ ಅಂದ್ರ ಮದವಿ ಸುಳ್ಳಾಗೋದಿಲ್ಲ, ಲಗ್ನ ಪತ್ರಿಕಿ, ಅಕ್ಕಿಕಾಳು ಹಾಕೋ ಫೋಟೋ, ಅಫಿಡವಿಟ್ ಕೊಟ್ವಿ ನಡೀತು. ನೀವು ಹೊಂದಿಸಬೇಕಾದ್ದು ಅಂದ್ರ ಇಬ್ಬರ ಆಧಾರ್, ಇಬ್ಬರ ಪಾಸ್‌ಪೋರ್ಟ್ ಸೈಜ್ ಫೋಟೋ, ಮದವಿ ದಾಖಲಿ, ಮಕ್ಕಳ ಜನನ ಪತ್ರ, ಈಗಿರೋ ಮನಿ ವಿಳಾಸದ ದಾಖಲಿ, ಕರಾರು. ಝೆರಾಕ್ಸ್ ಎಷ್ಟ ತೆಗಿಸಿದ್ರೂ ಒಂದು ಸೆಟ್ ಕಡಿಮಿನ ಬೀಳ್ತದ. ಏಪ್ರಿಲ್ ಮೇನಾಗ ನಮ್ಮ ಕಡಿ ಸರ್ಕಾರಿ ಆಫೀಸು ಮುಂಜಾನಿ 8ಕ್ಕ ತೆಗದು ಮಧ್ಯಾಹ್ನ 1.30ಕ್ಕ ಮುಚ್ಚತಾವ, ಆ ಬಿಸಿಲಿನಾಗ ಊಟ ಮಾಡಿ ಹೋಗೋಣ ಅಂದ್ರ ಕೀಲಿ ನೋಡಿ ಬರ್ತೀರಿ.

ಮಕ್ಕಳಿಗಿ ಹೇಳಿದ್ದು ಅರ್ಜಿ ಹಾಕೋಕಿಂತ ಮೊದಲ. ಇಬ್ಬರೂ ಕೂಡಿ ಹೇಳಬೇಕು ಅನ್ನೋದು ನಮ್ಮ ಹಟ. ಒಬ್ಬರ ಹೇಳಿದ್ರ ಹೇಳಿದವರ ಕತಿ ಆಗ್ತದ ಅದು. ಅಂವ ಶನಿವಾರ ಬಂದ, ಮಕ್ಕಳಿಗಿ ಊಟಕ್ಕ ಹಾಕಿ, ಅಪ್ಪ ಅವ್ವ ಇನ್ನ ಮ್ಯಾಲ ಬ್ಯಾರೆ ಬ್ಯಾರೆ ಮನ್ಯಾಗ ಇರ್ತೀವಿ, ನೀವು ಇಬ್ಬರಿಗೂ ಬೇಕು, ಇದು ನಿಮ್ಮಿಂದ ಆಗಿದ್ದಲ್ಲ ಅಂದ್ವಿ. ಯಾಕ ಅನ್ನೋದಕ್ಕ ಕಾರಣ ಹೇಳಲಿಲ್ಲ, ನಮ್ಮಿಬ್ಬರಿಗಿ ಕೂಡಿ ಇರಾಕ ಆಗವಲ್ತು ಅಂತ ಅಷ್ಟ. ನಾ ಅಳು ಬರ್ತದ ಅಂತ ತಯಾರಾಗಿ ಕುಂತಿದ್ದೆ. ಮಗಳು ಕೇಳಿದ್ದು, ನನ್ನ ಸೈಕಲ್ ಯಾವ ಮನ್ಯಾಗ ಇರ್ತದ? ಮಗ ಇನ್ನೊಂದು ಹೋಳಿಗಿ ಕೇಳಿದ. ಅಳು ಬಂದದ್ದು ಭಾಳ ದಿನ ಆದ್ಮ್ಯಾಗ, ಅದೂ ಅಳು ಆಗಿ ಬರಲಿಲ್ಲ. ಮಗಳಿಗಿ ಸೋಮವಾರ ಸೋಮವಾರ ಸಾಲಿಗಿ ಹೋಗೋ ಹೊತ್ತಿಗಿ ಹೊಟ್ಟಿ ನೋವು, ಮಗ ರಾತ್ರಿ ಹಾಸಿಗ್ಯಾಗ ಉಚ್ಚಿ ಮಾಡಾಕತ್ತಿದ, ಬಿಟ್ಟು ವರ್ಷ ಆಗಿತ್ತು. ಡಾಕ್ಟರು ಹೊಟ್ಟ್ಯಾಗ ಏನಿಲ್ಲ ಅಂದ್ರು. ಬೈಬ್ಯಾಡ್ರಿ, ಹಾಸಿಗಿ ಬದಲಿ ಮಾಡಿ ಸುಮ್ಮ ಮಲಗಸ್ರಿ ಅಂದ್ರು. ಮಗಳ ಕ್ಲಾಸ್ ಟೀಚರಿಗಿ ಒಬ್ಬರಿಗೇ ಹೇಳಿದೆ, ಹಿಂಗಿಂಗ ಅದ, ಲಕ್ಷ್ಯ ಇಡ್ರಿ, ಯಾರಿಗೂ ಹೇಳಬ್ಯಾಡ್ರಿ ಅಂತ. ಅದು ಭಾಳ ಉಪಯೋಗ ಆತು. ಮಗಳು ರಾತ್ರಿ ಮಲಗೋ ಹೊತ್ತಿನಾಗ ಮತ್ತ ಮತ್ತ, ನಾ ಆವತ್ತು ಅಪ್ಪನ ಫೋನ್ ಬೀಳ್ಸಿದ್ದಕ್ಕ ಹಿಂಗ ಆತೇನು ಅಂತ ಕೇಳೋಳು, ಇಲ್ಲವಾ ಅಂತ ಮತ್ತ ಮತ್ತ ಹೇಳಬೇಕು, ಒಂದ ಸಲ ಹೇಳಿದ್ರ ಮುಗಿಯೋದಿಲ್ಲ ಅದು.

ಮಕ್ಕಳಿಗಿಂತ ಹೆಚ್ಚು ಹಿಡೀಬೇಕಾದ್ದು ದೊಡ್ಡವರ ಬಾಯಿ. ಬಂದ ಬಂದವರೆಲ್ಲಾ ಮಗನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡು "ನಿಮ್ಮಪ್ಪ ಬರ್ತಾನೇನೋ? ನಿನಗ ಅಪ್ಪ ಬೇಕೋ ಅವ್ವ ಬೇಕೋ?" ಅಂತ ಕೇಳೋರು. ನಮ್ಮವ್ವಗ ಕಟ್ಟುನಿಟ್ಟಾಗಿ ಹೇಳಿದೆ, ನನ್ನ ಮುಂದ ಎಷ್ಟ ಬೇಕಾದ್ರೂ ಬೈ ಅಂವಗ, ಮಕ್ಕಳ ಕಿವಿಗಿ ಬಿದ್ರ ನಾ ತವರಿಗಿ ಬರೋದ ಬಿಡ್ತೀನಿ ಅಂತ. ಅಂವನೂ ಅವನ ತಂಗಿಗಿ ಹಂಗ ಹೇಳ್ಯಾನ. ಮಕ್ಕಳ ಕೈಯಾಗ ಸುದ್ದಿ ಕಳ್ಸೋದಿಲ್ಲ, ನಿಮ್ಮಪ್ಪಗ ಫೀಸು ಕಟ್ಟಂತ ಹೇಳು ಅನ್ನೋದಿಲ್ಲ. ಭೇಟಿ ಮುಗಿಸಿ ಬಂದಾಗ ಅಲ್ಲಿ ಯಾರಿದ್ರು, ಅಪ್ಪ ಯಾರ ಜೋಡಿ ಫೋನಿನಾಗ ಮಾತಾಡಿದ ಅಂತ ಕೇಳೋದಿಲ್ಲ, ಕೇಳಬೇಕಂತ ನಾಲಿಗಿ ತುದಿಗಿ ಬರ್ತದ, ನೀರು ಕುಡೀತೀನಿ. ನಮ್ಮಿಬ್ಬರ ಮಾತು ವಾಟ್ಸಾಪ್‌ನಾಗ ಬರದ ಮೆಸೇಜ್ ಅಷ್ಟ, ಮಕ್ಕಳ ವಿಷಯ ಅಷ್ಟ, ವಾಯ್ಸ್ ಮೆಸೇಜ್ ಬ್ಯಾಡ. ಬರಿಯೋವಾಗ ಸಿಟ್ಟು ಅರ್ಧ ಇಳೀತದ.

2024ರ ಡಿಸೆಂಬರ್‌ನಾಗ ಅರ್ಜಿ ಹಾಕಿದ್ವಿ. ಫ್ಯಾಮಿಲಿ ಕೋರ್ಟಿನಾಗ ಹೊರಗ ಬೆಂಚಿನ ಮ್ಯಾಲ ಕಾಯೋದು ಉದ್ದ, ಒಳಗ ಹೋಗಿ ಬರೋದು ಗಿಡ್ಡ. ಹೆಸರು ಕೂಗ್ತಾರ, ಆ ಹೊತ್ತಿಗಿ ನೀವು ಚಾ ಕುಡ್ಯಾಕ ಹೋಗಿದ್ರ ಮತ್ತ ಕಡೀಕ ಬೀಳ್ತೀರಿ, ಹಂಗಾಗಿ ಒಬ್ಬರು ಅಲ್ಲೇ ಇರ್ರಿ. ನನ್ನ ಜೋಡಿ ಹುಮನಾಬಾದ್‌ನಿಂದ ಅಕ್ಕ ಬಂದಿದ್ಲು, ಶಕ್ತಿ ಯೋಜನಾದಾಗ ಬಸ್ ಖರ್ಚು ಇಲ್ಲ, ಅದೊಂದು ಅನುಕೂಲ ಆತು ನಮಗ. ಮೊದಲು ಕೌನ್ಸೆಲಿಂಗ್‌ಗೆ ಕಳ್ಸಿದ್ರು, ರಾಜಿ ಮಾಡ್ಸೋದು ಫ್ಯಾಮಿಲಿ ಕೋರ್ಟಿನ ಕರ್ತವ್ಯನ ಅದ 1984ರ ಕಾಯ್ದೆ ಪ್ರಕಾರ, ಅದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ. ಕೌನ್ಸೆಲರ್ ಮೇಡಂ ಇಬ್ಬರನ್ನೂ ಬ್ಯಾರೆ ಬ್ಯಾರೆ ಕೂಡ್ಸಿ ಮಾತಾಡಿದ್ರು, ಆಮ್ಯಾಗ ಕೂಡ್ಸಿ. ನ್ಯಾಯಾಧೀಶರ ಮುಂದ ಹೋದಾಗ ಎದಿ ಭಾಳ ಬಡಕೊಳ್ತಿತ್ತು, ಅವರು ಕೇಳಿದ್ದು ಮಾತ್ರ ಸಾದಾ ಪ್ರಶ್ನಿ, ಯಾರರ ಒತ್ತಾಯ ಅದ ಏನು, ಯಾವಾಗಿಂದ ಬ್ಯಾರೆ ಇದ್ದೀರಿ, ಮಕ್ಕಳು ಯಾರ ಕಡಿ, ರೊಕ್ಕದ ಮಾತು ಮುಗದದ ಏನು, ಕರಾರು ಓದಿ ಸಹಿ ಮಾಡೀರೇನು. ಮಂದಿ ಮುಂದ ನಮ್ಮ ಮನಿ ಕತಿ ಬಿಚ್ಚಬೇಕಾಗ್ತದ ಅಂತ ಹೆದರಿದ್ದೆ, ಹೊರಗಿನವರು ಯಾರೂ ಇಲ್ದಂಗ ಬಂದ್ ಕೋಣ್ಯಾಗ ನಡಸ್ರಿ ಅಂತ ಕೇಳಾಕ ಹಕ್ಕು ಅದ, ಗೊತ್ತಿರ್ಲಿ.

ಆರು ತಿಂಗಳ ಮಾಫಿ, ಅಂದ್ರ ಆ ಆರು ತಿಂಗಳು ಕಾಯೋದನ್ನ ಕೋರ್ಟು ಬಿಟ್ಟುಬಿಡೋದು, ಅದರ ಬಗ್ಗೆ ಎಲ್ಲಾರೂ ಕೇಳ್ತಾರ. 2017ರಾಗ ಸುಪ್ರೀಂ ಕೋರ್ಟ್ ಅಮರದೀಪ್ ಸಿಂಗ್ ಕೇಸಿನಾಗ ಈ ಆರು ತಿಂಗಳು ಕಡ್ಡಾಯಲ್ಲ ಅಂತ ಹೇಳ್ಯಾದ. ಅರ್ಜಿ ಹಾಕೋಕಿಂತ ಮೊದಲ ಒಂದೂವರಿ ವರ್ಷ ಬ್ಯಾರೆ ಇದ್ದು, ರಾಜಿ ಪ್ರಯತ್ನ ಎಲ್ಲಾ ಮುಗದು, ಮಕ್ಕಳದು ರೊಕ್ಕದ್ದು ಖರೇನ ಇತ್ಯರ್ಥ ಆಗಿದ್ರ ಕೋರ್ಟು ಬಿಡಬಹುದು, ಬಿಡೋದು ಬಿಡದು ನ್ಯಾಯಾಧೀಶರ ವಿವೇಚನಾ. ನಮಗ ಎಲ್ಲಾ ಶರತ್ತು ಕೂಡಿ ಬರ್ತಿದ್ದವು. ಆದ್ರೂ ನಾವು ಮಾಫಿ ಕೇಳಲಿಲ್ಲ, ಒಂದು ಕಾರಣ ಅಂವನ ಎರಡನೇ ಕಂತಿಗಿ ಪ್ಲಾಟ್ ಮಾರಬೇಕಿತ್ತು, ಇನ್ನೊಂದು ಕಾರಣ ಕಾಗದದ ಮ್ಯಾಲ ಬರದದ್ದು ನಡೀತದೋ ಇಲ್ಲೋ ನೋಡಬೇಕಿತ್ತು. ನಡೀಲಿಲ್ಲ ನೋಡ್ರಿ! ಪ್ರತಿ ಭಾನುವಾರ ಮುಂಜಾನಿ ಹತ್ತಕ್ಕ ಕರ್ಕೊಂಡು ಹೋಗ್ತೀನಿ ಅಂತ ಬರದಿದ್ದ, ಹೈದರಾಬಾದ್‌ನಿಂದ ವಾಡಿ ಮ್ಯಾಲ ಟ್ರೇನ್ ಲೇಟ್, ಮಕ್ಕಳು ಬೂಟು ಹಾಕ್ಕೊಂಡು ಬಾಗಲದಾಗ ಕುಂತು ಕುಂತು ಮಗ ಅಲ್ಲೇ ನಿದ್ದಿ ಹೋಗೋದು. ಅದಕ್ಕ ತಿಂಗಳಿಗಿ ಎರಡು ಸಲ ಅಂತ ಕಡಿಮಿ ಮಾಡಿ, ಶನಿವಾರ ಸಂಜಿ ಬಂದು ಅವನ ಅಣ್ಣನ ಮನ್ಯಾಗ ಉಳದು ಭಾನುವಾರ ಸಂಜಿ ಬಿಡೋದು ಅಂತ ಮಾಡಿದ್ವಿ, ಟ್ರೇನ್ ಹತ್ತಿದ ಮ್ಯಾಲನ ಮಕ್ಕಳಿಗಿ ಹೇಳೋದು. ಆ ಬದಲಾವಣಿ ಬರದು ಇಬ್ಬರೂ ಸಹಿ ಮಾಡಿ ಕೋರ್ಟಿಗಿ ಕೊಟ್ವಿ. ಮಕ್ಕಳಿರೋರು ಮಾಫಿಗಿ ಗಡಬಡಿ ಮಾಡಬ್ಯಾಡ್ರಿ ಅಂತ ನನ್ನ ಅಭಿಪ್ರಾಯ. ಮಕ್ಕಳಿಲ್ದವರು ಕೇಳಿಕೊಳ್ರಿ, ಸುಮ್ಮ ಯಾಕ ಕಾಯಬೇಕು.

ಆ ಆರು ತಿಂಗಳಾಗ ನನ್ನ ಮನಸು ಸರಿ ಇದ್ದಿಲ್ಲ. ಹಗಲೆಲ್ಲಾ ಮಿಲ್ಲಿನಾಗ ಲೆಕ್ಕ ಬರೋಬರಿ, ರಾತ್ರಿ ಮೂರಕ್ಕ ಎಚ್ಚರ. ಬ್ಯಾಡಾಗಿದ್ದ ಸಂಸಾರ ಹೋದ್ರೂ ದುಃಖ ಆಗ್ತದ ಅಂತ ಯಾರೂ ಹೇಳಿದ್ದಿಲ್ಲ ನನಗ. ಅರಿಷಿಣ ಕುಂಕುಮಕ್ಕ ಕರಿಯೋದು ಕೆಲವು ಮನಿಯವರು ಬಿಟ್ರು, ಬಾಡಗಿ ಮನಿ ಬದಲಿ ಮಾಡೋಣಂತ ಹೋದ್ರ ಯಜಮಾನ್ರು ಎಲ್ಲಿ ಅಂತ ಮೊದಲನೇ ಪ್ರಶ್ನಿ. ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಹೊಡದೆ, ಪುಕ್ಕಟ, ಕನ್ನಡದಾಗ ಮಾತಾಡ್ತಾರ, ಹೆಸರು ಹೇಳಬೇಕಂತಿಲ್ಲ. ಆ ಕಡಿ ಹುಡುಗಿ ಏನೂ ದೊಡ್ಡ ಮಾತು ಹೇಳಲಿಲ್ಲ, ಕೇಳಿದ್ಲು, ನಡುವ ನಡುವ ಹೂಂ ಅಂದ್ಲು, ಊಟ ಮಾಡೀರೇನು ಅಂದ್ಲು, ಹತ್ರದ ಸರ್ಕಾರಿ ಆಸ್ಪತ್ರೆ ಮಾನಸಿಕ ವಿಭಾಗಕ್ಕ ಹೋಗ್ರಿ ಅಂದ್ಲು. ಹೋದೆ. ನಿದ್ದಿಗಿ ಸ್ವಲ್ಪ ದಿನ ಗುಳಿಗಿ ತೊಗೊಂಡೆ. ಮುಂಜಾನಿ ಅಪ್ಪನ ಕೆರಿ ಸುತ್ತ ನಡ್ಯಾಕ ಶುರು ಮಾಡಿದೆ. ಮಕ್ಕಳ ಸಲುವಾಗಿ ಗಟ್ಟಿ ಇರು ಗಟ್ಟಿ ಇರು ಅಂತ ಎಲ್ಲಾರೂ ಹೇಳ್ತಾರ, ಗಟ್ಟಿ ಇರಾಕ ನಿದ್ದಿ ಬೇಕಲ್ರಿ ಮೊದಲ. ಅಂವಗೂ ಅಷ್ಟ ಇತ್ತಂತ, ಗಂಡಸರು ಹೇಳೋದಿಲ್ಲ. ಓದೋರಾಗ ಗಂಡಸರಿದ್ರ ಆ ನಂಬರ್ ನಿಮಗೂ ಅದ.

ಮೇ ತಿಂಗಳ ಕೋರ್ಟ್ ರಜಾ ಮುಗದು ತೆಗದ ಮ್ಯಾಲ ಭಾಳ ಗದ್ದಲ, ನಮ್ಮ ತಾರೀಖು ಜುಲೈಕ್ಕ ಹೋತು. ಅಂವ ಡಿಡಿ ತಂದಿದ್ದ, ನನ್ನ ಹೆಸರಿನ ಸ್ಪೆಲ್ಲಿಂಗ್ ಬ್ಯಾಂಕಿನವರು ಬ್ಯಾರೆ ಹೊಡದಿದ್ರು, ಮತ್ತ ತಾರೀಖು ಮುಂದಕ್ಕ. ಡಿಡಿ ಮಾಡ್ಸೋಕಿಂತ ಮೊದಲ ಪಾಸ್‌ಬುಕ್ಕಿನ ಮೊದಲನೇ ಹಾಳಿ ಫೋಟೋ ಅವರಿಗಿ ಕಳ್ಸಿಬಿಡ್ರಿ. ಆ ಸಲ ಮುಗೀತು. ಅದ ಪ್ರಶ್ನಿ, ಅದ ಉತ್ತರ, ಹಾಳಿ ಹಾಳಿಗಿ ಸಹಿ. ಹೊರಗ ಬಂದು ಕ್ಯಾಂಟೀನಿನಾಗ ಸುಸಲಾ ಮಿರ್ಚಿ ತಿಂದ್ವಿ ಇಬ್ಬರೂ, ಅಕ್ಕನೂ ಇದ್ಲು. ಮಾತು ಬಂದದ್ದು ಮಗನ ಯೂನಿಫಾರ್ಮ್ ಬಗ್ಗೆ. ಒಪ್ಪಿಗಿ ಡಿಕ್ರಿ ಮ್ಯಾಲ ಅಪೀಲು ಇರೋದಿಲ್ಲ, ಅಪೀಲಿನ ಅವಧಿ ಅಂತ ಕಾಯೋ ಕೆಲಸ ಇಲ್ಲ.

ಡಿಕ್ರಿ ಆದ ದಿನ ಏನೂ ಕೈಗಿ ಬರೋದಿಲ್ಲ, ದೃಢೀಕೃತ ನಕಲಿಗಿ ಅರ್ಜಿ ಕೊಡಬೇಕು. ಎರಡು ಮೂರು ಪ್ರತಿ ಒಮ್ಮೆಲೆ ಕೇಳ್ರಿ, ಬ್ಯಾಂಕು, ಪಾಸ್‌ಪೋರ್ಟ್ ಎಲ್ಲಾ ಕಡಿ ಅದ ಬೇಕಾಗ್ತದ. ಬಂದ ಕೂಡ್ಲೆ ಮಕ್ಕಳ ಹೆ‌ಸರು, ತಾರೀಖು, ಕರಾರು ಡಿಕ್ರಿಗಿ ಹಚ್ಚ್ಯಾರೋ ಇಲ್ಲೋ ನೋಡ್ಕೊಳ್ರಿ, ಕರಾರು ಡಿಕ್ರಿಯ ಭಾಗ ಆಗಿದ್ರನ ಮುಂದ ಯಾರರ ತಪ್ಪಿದಾಗ ಕೋರ್ಟಿಗಿ ಹೋಗಿ ಜಾರಿ ಮಾಡ್ರಿ ಅನ್ನಾಕ ಬರ್ತದ. ಎಲ್‌ಐಸಿ, ಪಿಎಫ್, ಬ್ಯಾಂಕ್ ಖಾತಾ ನಾಮಿನಿ ಎಲ್ಲಾ ಬದಲಿ ಮಾಡ್ರಿ, ಇದನ್ನ ಮಂದಿ ಮರೀತಾರ.

ಖರ್ಚು ಹೇಳಿಬಿಡ್ತೀನಿ, ಎಲ್ಲಾರೂ ಕೇಳೋದು ಅದ. ವಕೀಲರ ಫೀಸು ನಲವತ್ತು ಸಾವಿರ, ಇಬ್ಬರೂ ಅರ್ಧರ್ಧ ಹಾಕಿದ್ವಿ, ಮೂರು ಕಂತಿನಾಗ ಕೊಟ್ವಿ. ಕೋರ್ಟ್ ಫೀ ಅಂಬೋದು ಲೆಕ್ಕಕ್ಕಿಲ್ಲದಷ್ಟು ಸಣ್ಣದು. ಸ್ಟಾಂಪ್ ಪೇಪರ್, ನೋಟರಿ, ಟೈಪಿಂಗ್, ಝೆರಾಕ್ಸ್, ನಕಲು ಎಲ್ಲಾ ಕೂಡಿ ಐದು ಸಾವಿರದ ಸುತ್ತ ಹೋತು. ಮಿಲ್ಲಿನಾಗ ರಜಾ ಹಾಕಿದ ದಿನದ ಪಗಾರ ಕಟ್ ಆಗಿದ್ದು ಬ್ಯಾರೆ. ಫೀಸು ವಕೀಲರ ಮ್ಯಾಲ ಹೋಗ್ತದ, ಮೊದಲ ದಿನಾನ ಪೂರ್ತಿ ಎಷ್ಟು, ತಾರೀಖಿಗಿ ಬ್ಯಾರೆ ತೊಗೋತೀರೇನು ಅಂತ ಕೇಳಿ ಬರಸ್ಕೊಳ್ರಿ.

ರೇಷನ್ ಕಾರ್ಡಿನಾಗ ನಂದು, ಮಕ್ಕಳದು ಹೆಸರು ಇನ್ನೂ ಅತ್ತಿ ಮನಿ ಕಾರ್ಡಿನಾಗನ ಅದ. ಅರ್ಜಿ ಕೊಟ್ಟೀನಿ, ಸರ್ವರ್ ಇಲ್ಲ ನಾಳಿಗಿ ಬರ್ರಿ ಅಂದಾರ. ಅದು ಆದ್ಮ್ಯಾಗ ಏನೇನು ಕಾಗದ ಕೇಳಿದ್ರು ಅಂತ ಅದನ್ನೂ ಬರೀತೀನಿ.